ಪೊಳ್ಳಿಲೂರು ಚಿತ್ರದ ಕೆಂಪು ಕೋಟುಗಳು: ಮೈಸೂರು ಯುದ್ಧಚಿತ್ರಗಳಲ್ಲಿ ಸ್ಕಾಟಿಷ್ ಸೈನಿಕರ ಗುರುತು

ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯಲ್ಲಿ ಪೊಳ್ಳಿಲೂರು ಕದನದ ಭಿತ್ತಿಚಿತ್ರವಿದೆ. ಕದನ ನಡೆದದ್ದು 1780ರ ಸೆಪ್ಟೆಂಬರ್ 10ರಂದು, ಕಂಚಿಯ ಬಳಿ. ಚೌಕಾಕಾರವಾಗಿ ಒತ್ತೊತ್ತಾಗಿ ನಿಂತ ಕೆಂಪು ಕೋಟಿನ ಸಾಲುಗಳು, ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ವಿಲಿಯಂ ಬೇಲಿ, ಪಕ್ಕದಲ್ಲಿ ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ. ಈ ಪಡೆಯನ್ನು ಇಂಗ್ಲಿಷರದು ಎನ್ನುವುದು ನಮ್ಮ ರೂಢಿ. ಆದರೆ ಬೇಲಿ ಸ್ಕಾಟ್ಲೆಂಡಿನ ಇನ್ವರ್ನೆಸ್ ಸೀಮೆಯವನು. ಅವನ ನೆರವಿಗೆ ಬಂದ ತುಕಡಿಯಲ್ಲಿ 73ನೇ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟಸೀಮೆಯ) ರೆಜಿಮೆಂಟಿನ ಎರಡು ಕಂಪನಿಗಳಿದ್ದವು. ಕ್ಯಾಪ್ಟನ್ ಡೇವಿಡ್ ಬೇರ್ಡ್ ಇದ್ದದ್ದು ಅವುಗಳಲ್ಲೇ.

ಚಿತ್ರಕಾರ ಈ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಶತ್ರುಪಡೆಯ ಗೋರರೆಲ್ಲ ಅವನಿಗೆ ಒಂದೇ ಅಚ್ಚಿನವರು: ಅದೇ ಕೋಟು, ಅದೇ ಟೋಪಿ, ಮೀಸೆಯಿಲ್ಲದ ಅದೇ ಮುಖ. ಜೊತೆಗೆ ಈ ಗೋಡೆಯ ಬಣ್ಣವೆಲ್ಲ ಚಿತ್ರವನ್ನು ಮೊದಲು ಬರೆದ 1784ರದಲ್ಲ. ಅಂದಗೆಟ್ಟಿದ್ದ ಚಿತ್ರವನ್ನು 1799ರ ನಂತರ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಸರಿಪಡಿಸಿದ. ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಹೊಸದಾಗಿ ಬರೆಸಲಾಯಿತು. ಹಾಗಾಗಿ ಇಲ್ಲಿ ಕಾಣುವ ಗುಂಡಿ, ಪಟ್ಟಿ, ಅಂಚುಗಳನ್ನು 1780ರ ಸಾಕ್ಷ್ಯವೆಂದು ನೇರವಾಗಿ ಬಳಸುವುದು ತಪ್ಪು.

ಚೌಕಳಿ ಬಟ್ಟೆ ಕಂಡೊಡನೆ ಇದು ಇಂಥ ಕುಲದ ಟಾರ್ಟನ್ ಎಂದು ಹೇಳಿಬಿಡುವ ಆತುರವೂ ಸಲ್ಲದು. 1746ರ ಕಾಯಿದೆ ಹೈಲ್ಯಾಂಡ್ ಉಡುಪನ್ನು ನಿಷೇಧಿಸಿದಾಗ ವಿನಾಯಿತಿ ಸಿಕ್ಕಿದ್ದು ಸೈನ್ಯಕ್ಕೆ. ನಿಷೇಧ ರದ್ದಾದದ್ದು 1782ರಲ್ಲಿ. ಕುಲಕ್ಕೊಂದು ಟಾರ್ಟನ್ ಎಂಬ ಕಟ್ಟುನಿಟ್ಟು ಬಲವಾಗಿ ಬೇರೂರಿದ್ದು 19ನೇ ಶತಮಾನದಲ್ಲಿ, ಅದರಲ್ಲೂ 1822ರಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ ಮೇಲೆ. ಮೈಸೂರು ಯುದ್ಧಗಳ ಕಾಲಕ್ಕೆ ರೆಜಿಮೆಂಟುಗಳು ಬಳಸುತ್ತಿದ್ದದ್ದು ಕಡು ನೀಲಿ, ಹಸಿರು, ಕಪ್ಪು ಗೆರೆಗಳ ಸರ್ಕಾರಿ ಮಾದರಿ. ಅದರ ಮೇಲೆ ಒಂದೆರಡು ಬಣ್ಣದ ಎಳೆ ಸೇರಿಸಿ ಕೆಲವು ಪಡೆಗಳು ಬೇರೆಯಾಗಿ ಕಾಣುತ್ತಿದ್ದವು.

ಇದಕ್ಕಿಂತ ನಂಬಬಹುದಾದ ಗುರುತು ಕೋಟಿನ ಕಾಲರು ಮತ್ತು ತೋಳಿನ ಮಡಿಕೆಯ ಬಣ್ಣ. ಇಲ್ಲೂ ಒಂದು ತೊಡಕಿದೆ. ಪೊಳ್ಳಿಲೂರಿನ 73ನೇ ರೆಜಿಮೆಂಟು 1786ರಲ್ಲಿ 71ನೆಯದಾಯಿತು. ಅದರ ಕಾಲರು ತಿಳಿ ಹಳದಿಗಂದು. 1799ರ ಮೇ 4ರಂದು ಶ್ರೀರಂಗಪಟ್ಟಣಕ್ಕೆ ನುಗ್ಗಿದ 73ನೆಯದು ಬೇರೆಯೇ ಪಡೆ, ಹಿಂದಿನ 42ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್. ಕಾಲರು ಕಡು ಹಸಿರು. 74ನೆಯದರದು ಬಿಳಿ. ಸಂಖ್ಯೆಯ ಜೊತೆ ಇಸವಿಯನ್ನೂ ನೋಡದಿದ್ದರೆ 1780ರಲ್ಲಿ ಬೇರ್ಡ್‌ನ ಜೊತೆ ಸೆರೆಯಾದವರನ್ನೂ 1799ರಲ್ಲಿ ಅವನ ಹಿಂದೆ ಕೋಟೆ ಹತ್ತಿದವರನ್ನೂ ಒಂದೇ ಪಡೆಯೆಂದು ತಿಳಿದುಬಿಡುತ್ತೇವೆ.

ಹುಣಸೂರು, ಕೃಷ್ಣರಾಜನಗರ ಕಡೆಯ ನಮ್ಮ ಸೀಮೆಗೂ ಹೈಲ್ಯಾಂಡರು ಬಂದಿದ್ದರು. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದಾಚೆ, ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪು ಬೊಂಬಾಯಿ ಸೈನ್ಯದ ಮೇಲೆ ಎರಗಿದಾಗ ಆ ಸೈನ್ಯದಲ್ಲಿ 75ನೇ ಹೈಲ್ಯಾಂಡ್ ರೆಜಿಮೆಂಟಿತ್ತು. ಅದರ ಕಾಲರು ಹಳದಿ. ನಮ್ಮ ಬಿಸಿಲಿನಲ್ಲಿ ಇಂಥ ಪಡೆಗಳು ಕಿಲ್ಟ್ ಎಂಬ ನೆರಿಗೆಯ ಲಂಗ ಬಿಟ್ಟು ಷರಾಯಿ ತೊಡುವುದು ಸಾಮಾನ್ಯವಾಗಿತ್ತು. 1809ರಲ್ಲಂತೂ 73, 74, 75 ಮೂರಕ್ಕೂ ಹೈಲ್ಯಾಂಡ್ ಉಡುಪೇ ರದ್ದಾಯಿತು.

ಲಂಡನ್ನಿನ ಚಿತ್ರಗಳನ್ನು ಅಳೆಯಬೇಕಾದದ್ದು ಈ ಹಿನ್ನೆಲೆಯಲ್ಲಿ. 1800ರಲ್ಲಿ ಶ್ರೀರಂಗಪಟ್ಟಣದ ಪತನವನ್ನು ಬೃಹತ್ ಪರದೆಯ ಮೇಲೆ ಬರೆದ ರಾಬರ್ಟ್ ಕೆರ್ ಪೋರ್ಟರ್ ಆ ಕೋಟೆಯನ್ನು ಕಂಡವನಲ್ಲ. ಡೇವಿಡ್ ವಿಲ್ಕಿ ಬೇರ್ಡ್‌ನ ಪತ್ನಿಯ ಕೋರಿಕೆಯಂತೆ ಟಿಪ್ಪುವಿನ ಶವ ಸಿಕ್ಕ ದೃಶ್ಯವನ್ನು ಬರೆದು ಮುಗಿಸಿದ್ದು 1839ರಲ್ಲಿ, ಘಟನೆಯಾಗಿ 40 ವರ್ಷಗಳ ನಂತರ. ಬೇರ್ಡ್‌ನ ಕಾಲಡಿಯಲ್ಲಿ ಸೆರೆಮನೆಯ ಕಂಬಿಯೊಂದನ್ನು ವಿಲ್ಕಿ ಇಟ್ಟಿದ್ದಾನೆ. ಪೊಳ್ಳಿಲೂರಿನ ನಂತರ ಬೇರ್ಡ್ ಮೂರೂವರೆ ವರ್ಷ ಸೆರೆಯಲ್ಲಿದ್ದುದನ್ನು ನೋಡುಗರು ನೆನೆಯಲಿ ಎಂದು. ಚಿತ್ರವಾಗಿ ಅದು ಪ್ರಬಲ. ಸಮವಸ್ತ್ರದ ದಾಖಲೆಯಾಗಿ ದುರ್ಬಲ.

ಭೇರ್ಯ, ಕೃಷ್ಣರಾಜನಗರ, ಹುಣಸೂರು ಕಡೆಯ ಶಾಲೆಗಳವರು ಮಕ್ಕಳನ್ನು ದರಿಯಾ ದೌಲತ್‌ಗೆ ಕರೆದೊಯ್ದಾಗ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ, ಕದನದ ಇಸವಿಯನ್ನೂ ಬಣ್ಣ ಬಳಿದ ಇಸವಿಗಳನ್ನೂ ಬೇರೆಬೇರೆಯಾಗಿ ಹೇಳಿಕೊಡಿ.