ಸರದಿಯ ನಿಯಮ, ಆರೈಕೆಯ ಬೆಲೆ: ಅಮೆರಿಕದ ಸಮುದಾಯ ಆಧಾರಿತ ಅಂಗವೈಕಲ್ಯ ಸೇವೆಗಳ ನಿರೀಕ್ಷಣಾ ಪಟ್ಟಿಗಳ ಒಂದು ಅಧ್ಯಯನ

ಅಮೆರಿಕದಲ್ಲಿ ತೀವ್ರ ಅಂಗವೈಕಲ್ಯವಿರುವ ಮಗನನ್ನೋ ಮಗಳನ್ನೋ ಮನೆಯಲ್ಲಿಯೇ ಸಲಹುವ ಕುಟುಂಬಕ್ಕೆ ಸರ್ಕಾರದ ನೆರವು ಬೇಕೆಂದರೆ ಹಲವು ರಾಜ್ಯಗಳಲ್ಲಿ ಮೊದಲು ಹೆಸರು ಬರೆಸಬೇಕು, ಆಮೇಲೆ ಕಾಯಬೇಕು. ಸ್ನಾನ ಮಾಡಿಸಲು, ಉಣಿಸಲು, ಹೊರಗೆ ಕರೆದೊಯ್ಯಲು ಬರುವ ಸಹಾಯಕರು, ಹಗಲಿನ ತರಬೇತಿ, ಮನೆಯವರಿಗೆ ಒಂದಷ್ಟು ಬಿಡುವು ಇವೆಲ್ಲ ಹೆಚ್ಚಾಗಿ, ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೈಡ್‌ನ ‘ವೇವರ್’ (ನಿಯಮ ವಿನಾಯಿತಿ) ಯೋಜನೆಗಳ ಮೂಲಕ ದೊರೆಯುತ್ತವೆ. ಆರೋಗ್ಯ ನೀತಿಯ ಅಧ್ಯಯನ ನಡೆಸುವ ಕೆಎಫ್‌ಎಫ್ ಸಂಸ್ಥೆಯ 2024ರ ಸಮೀಕ್ಷೆಯಂತೆ ಇವುಗಳಿಗಾಗಿ ಕಾದಿದ್ದವರು 7 ಲಕ್ಷಕ್ಕೂ ಹೆಚ್ಚು. ಅವರಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಬೌದ್ಧಿಕ ಅಥವಾ ಬೆಳವಣಿಗೆಯ ಅಂಗವೈಕಲ್ಯವಿರುವವರು. ಈ ಅಂಕಿಯನ್ನು ಕೊರತೆಯ ಅಳತೆಯೆಂದು ಓದುವುದು ರೂಢಿ. ಪಟ್ಟಿ ಎಷ್ಟು ಉದ್ದವಿದೆ ಎಂಬುದಕ್ಕಿಂತ ಅದು ಯಾವ ನಿಯಮದಿಂದ ಮುಂದೆ ಸರಿಯುತ್ತದೆ ಎಂಬುದನ್ನು ಓದಬೇಕು ಎನ್ನುವುದು ಈ ಲೇಖನದ ವಾದ. ಹಾಗೆ ಓದಿದಾಗ ಕಾಣುವುದು ನೋವಿನ ಸಂಗತಿ: ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳುವವರೊಬ್ಬರು ಇದ್ದಾರೆ ಎಂಬುದೇ ಆ ಮನೆ ಸರದಿಯಲ್ಲಿ ಹಿಂದುಳಿಯಲು ಕಾರಣವಾಗುತ್ತದೆ.

ಪಟ್ಟಿಯ ಬೇರು ಕಾನೂನಿನಲ್ಲಿದೆ. 1965ರಲ್ಲಿ ಮೆಡಿಕೈಡ್ ಕಾನೂನು ಬಂದಾಗ ವಯಸ್ಕರಿಗೆ ನರ್ಸಿಂಗ್ ಕೇಂದ್ರದ ಆರೈಕೆಯನ್ನು ಯೋಜನೆಗೆ ಸೇರುವ ಎಲ್ಲ ರಾಜ್ಯಗಳೂ ಕೊಡಲೇಬೇಕೆಂದು ವಿಧಿಸಲಾಯಿತು. ಮನೆಯಲ್ಲಿ ಕೊಡುವ ದೀರ್ಘಕಾಲದ ಆರೈಕೆಗೆ ಅಂಥ ಕಡ್ಡಾಯ ಇರಲಿಲ್ಲ. 1981ರಲ್ಲಿ ಅಯೋವಾದ ಕೇಟಿ ಬೆಕೆಟ್ ಎಂಬ ಪುಟ್ಟ ಹುಡುಗಿಯ ಪ್ರಕರಣ ದೇಶದ ಗಮನ ಸೆಳೆಯಿತು. ಮಿದುಳಿನ ಸೋಂಕಿನಿಂದಾಗಿ ಉಸಿರಾಟದ ಯಂತ್ರ ಅವಲಂಬಿಸಿದ್ದ ಆಕೆಗೆ ಆಸ್ಪತ್ರೆಯಲ್ಲಿದ್ದರೆ ಮೆಡಿಕೈಡ್ ಹಣ ಸಿಗುತ್ತಿತ್ತು. ಕಡಿಮೆ ಖರ್ಚಿನಲ್ಲಿ ಮನೆಗೆ ಹೋದರೆ ಅದು ನಿಲ್ಲುತ್ತಿತ್ತು. ಅಧ್ಯಕ್ಷ ರೇಗನ್ ಬಹಿರಂಗವಾಗಿ ಇದನ್ನು ಪ್ರಶ್ನಿಸಿದರು. ಅದೇ ವರ್ಷ ಸಾಮಾಜಿಕ ಭದ್ರತಾ ಕಾಯಿದೆಗೆ 1915(ಸಿ) ಕಲಂ ಸೇರಿ ವೇವರ್‌ಗಳಿಗೆ ದಾರಿಯಾಯಿತು. ಆದರೆ ಎಷ್ಟು ಮಂದಿಗೆ ಕೊಡಬೇಕೆಂದು ಮಿತಿ ಹಾಕುವ ಅಧಿಕಾರ ರಾಜ್ಯಗಳ ಕೈಯಲ್ಲೇ ಉಳಿಯಿತು. ನರ್ಸಿಂಗ್ ಕೇಂದ್ರಕ್ಕೆ ಸೇರುವುದು ಹಕ್ಕು, ಮನೆಯಲ್ಲಿ ಉಳಿಯುವುದು ಸೀಟು ಇದ್ದರೆ ಮಾತ್ರ. ನಿರೀಕ್ಷಣಾ ಪಟ್ಟಿ ಹುಟ್ಟಿದ್ದು ಈ ಅಂತರದಲ್ಲಿ.

ನ್ಯಾಯಾಲಯಗಳು ಈ ಅಂತರವನ್ನು ತುಸು ಕಿರಿದುಗೊಳಿಸಿದವು, ಮುಚ್ಚಲಿಲ್ಲ. ಜಾರ್ಜಿಯಾದ ಲೋಯಿಸ್ ಕರ್ಟಿಸ್ ಮತ್ತು ಎಲೈನ್ ವಿಲ್ಸನ್ ಎಂಬ ಮಹಿಳೆಯರು ಸಮುದಾಯದಲ್ಲಿ ಬದುಕಬಲ್ಲರೆಂದು ವೈದ್ಯರೇ ಹೇಳಿದ ಮೇಲೂ ಆಸ್ಪತ್ರೆಯಲ್ಲೇ ಇರಬೇಕಾಯಿತು. 1999ರ ಓಮ್‌ಸ್ಟೆಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಂಥ ಅನಗತ್ಯ ಪ್ರತ್ಯೇಕತೆ ತಾರತಮ್ಯವೇ ಎಂದಿತು. ಆದರೆ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬರೆದ ಅದೇ ತೀರ್ಪು, ಕೆಲಸ ಮಾಡುವ ಯೋಜನೆಯೂ ಸಮಂಜಸ ವೇಗದಲ್ಲಿ ಸಾಗುವ ಪಟ್ಟಿಯೂ ಇದ್ದರೆ ರಾಜ್ಯ ತನ್ನನ್ನು ಸಮರ್ಥಿಸಿಕೊಳ್ಳಬಹುದು ಎಂದೂ ಹೇಳಿತು. ಸಮಂಜಸ ವೇಗವೆಂದರೆ ಎಷ್ಟು ತಿಂಗಳು, ಎಷ್ಟು ವರ್ಷ? ತೀರ್ಪು ಅದನ್ನು ಗೊತ್ತುಮಾಡಲಿಲ್ಲ. ನನ್ನ ದೃಷ್ಟಿಯಲ್ಲಿ, ಮುಂದಿನ ಎರಡು ದಶಕಗಳ ತೊಡಕು ಈ ಒಂದು ಸಡಿಲಿನಿಂದಲೇ ಬಂದದ್ದು.

ಸರದಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನದು ‘ಆಸಕ್ತಿ ಪಟ್ಟಿ’. ಅರ್ಹತೆಯನ್ನು ಮೊದಲೇ ಪರಿಶೀಲಿಸುವುದಿಲ್ಲ. ಹೆಸರು ಬರೆಸಿದ ದಿನಾಂಕವೇ ಸರದಿ. ಬೌದ್ಧಿಕ ಅಂಗವೈಕಲ್ಯದ ಪ್ರಮುಖ ವೇವರ್‌ಗೆ ಅಲ್ಲಿ 15 ವರ್ಷ ಮೀರಿ ಕಾದವರಿದ್ದಾರೆ. ತಿಳಿದವರು ಮಗುವಿಗೆ ಮೂರು ವರ್ಷವಿದ್ದಾಗಲೇ ಹೆಸರು ಬರೆಸುತ್ತಾರೆ. ತಿಳಿಯದ ಬಡವರು ಮಗ ಶಾಲೆ ಮುಗಿಸಿದ ಮೇಲೆ ಪಟ್ಟಿಯ ತುದಿಯಲ್ಲಿ ನಿಲ್ಲುತ್ತಾರೆ. ಓಹಿಯೋ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 2018ರಲ್ಲಿ ನಿಯಮ ಬದಲಿಸಿ, ಪ್ರತಿಯೊಬ್ಬರ ಅಗತ್ಯ ಅಳೆದು, ತಕ್ಷಣದ ಅಥವಾ ಸದ್ಯದ ಅಗತ್ಯ ಇರುವವರನ್ನಷ್ಟೇ ಪಟ್ಟಿಯಲ್ಲಿ ಉಳಿಸಿತು. ಹತ್ತಾರು ಸಾವಿರ ಹೆಸರುಗಳ ಪಟ್ಟಿ ಕೆಲವೇ ಸಾವಿರಕ್ಕೆ ಇಳಿಯಿತು. ಈ ಅಳೆಯುವಿಕೆಯಿಂದ ಪ್ರಯೋಜನವಿದೆ, ಒಪ್ಪುತ್ತೇನೆ. ಆದರೆ ಇಳಿದ ಅಂಕಿಯನ್ನು ಹೆಚ್ಚಿದ ಸೇವೆ ಎಂದು ಯಾರೂ ತಿಳಿಯಬಾರದು. ಎರಡು ರಾಜ್ಯಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಈ ಕಾರಣಕ್ಕೇ ಅರ್ಥಹೀನ.

ಪೆನ್ಸಿಲ್ವೇನಿಯಾದ ಅರ್ಜಿ ನಮೂನೆ ಇನ್ನೂ ಹತ್ತಿರದಿಂದ ನೋಡುವಂಥದ್ದು. ಅಲ್ಲಿ ಮೂರು ವರ್ಗ: ಆರು ತಿಂಗಳೊಳಗೆ ನೆರವು ಬೇಕಾದವರು ‘ತುರ್ತು’, ಎರಡು ವರ್ಷದೊಳಗೆ ಬೇಕಾದವರು ‘ನಿರ್ಣಾಯಕ’, ಐದು ವರ್ಷದೊಳಗೆ ಬೇಕಾದವರು ‘ಯೋಜನೆ’. ಯಾವ ವರ್ಗ ಎಂಬುದು ಬಹುಮಟ್ಟಿಗೆ ಆರೈಕೆ ಮಾಡುವವರ ಸ್ಥಿತಿಯಿಂದ ತೀರ್ಮಾನವಾಗುತ್ತದೆ: ಕಾಯಿಲೆ ಬಿದ್ದಿದ್ದಾರೆಯೇ, ಇನ್ನು ತಮ್ಮಿಂದಾಗದು ಎನ್ನುತ್ತಿದ್ದಾರೆಯೇ, ತೀರಿಹೋಗಿದ್ದಾರೆಯೇ. ಎಪ್ಪತ್ತರ ತಾಯಿ ನಲವತ್ತರ ಮಗನನ್ನು ಎತ್ತಿ ಕೂರಿಸುವಷ್ಟು ಕಾಲ ಆ ಮನೆಯ ಅಗತ್ಯಕ್ಕೆ ತುರ್ತಿನ ಮುದ್ರೆ ಬೀಳುವುದು ಕಷ್ಟ. ಆಕೆ ಕುಸಿದ ದಿನ ಬೀಳುತ್ತದೆ. ಆಗ ಮಗನಿಗೆ ತಾಯಿಯ ಅಗಲಿಕೆಯೂ ಅಪರಿಚಿತ ಮನೆಗೆ ಹೋಗುವುದೂ ಒಂದೇ ವಾರದಲ್ಲಿ ಎದುರಾಗಬಹುದು. ಸೀಮಿತ ಹಣವಿರುವಾಗ ತುರ್ತಿಗೆ ಆದ್ಯತೆ ಕೊಡುವುದು ನ್ಯಾಯವೇ. ಆದರೆ ಸಂಬಳವಿಲ್ಲದ ಆರೈಕೆ ಎಂದೆಂದಿಗೂ ಸಿಗುತ್ತದೆ ಎಂದುಕೊಂಡು ಹಾಕಿದ ಲೆಕ್ಕವನ್ನು ನ್ಯಾಯ ಎನ್ನಲಾಗದು.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ಕ್ಯಾಲಿಫೋರ್ನಿಯಾದ 1969ರ ಲ್ಯಾಂಟರ್‌ಮನ್ ಕಾಯಿದೆ ಬೆಳವಣಿಗೆಯ ಅಂಗವೈಕಲ್ಯವಿರುವವರ ಸೇವೆಯನ್ನು ಹಕ್ಕಾಗಿಸಿತು. 21 ಪ್ರಾದೇಶಿಕ ಕೇಂದ್ರಗಳು ಅದನ್ನು ನಿರ್ವಹಿಸುತ್ತವೆ. ಆದರೆ ಈ ಹಕ್ಕು ರಾಜ್ಯದ ಗಡಿ ದಾಟುವುದಿಲ್ಲ. ಒಂದು ರಾಜ್ಯದ ಸರದಿಗೂ ಇನ್ನೊಂದರಲ್ಲಿ ಬೆಲೆಯಿಲ್ಲ. ಕೆಲಸದ ನಿಮಿತ್ತ ಡಲ್ಲಾಸ್‌ನಿಂದ ಬೇರೆ ರಾಜ್ಯಕ್ಕೆ ಹೋಗಬೇಕಾದ ಕನ್ನಡ ಕುಟುಂಬ ಕಾದ ವರ್ಷಗಳನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಸರದಿ ಬಂದ ಮೇಲೂ ಕೆಲಸಗಾರರು ಸಿಗದೆ ಮಂಜೂರಾದ ಗಂಟೆಗಳು ಹಾಗೆಯೇ ಉಳಿಯುವುದುಂಟು. ಕಾಯುವ ಈ ಎರಡನೆಯ ಅವಧಿಯನ್ನು ಯಾವ ನಿರೀಕ್ಷಣಾ ಪಟ್ಟಿಯೂ ತೋರಿಸುವುದಿಲ್ಲ. ಪಟ್ಟಿಯ ಸಂಖ್ಯೆ, ಸರಾಸರಿ ಕಾಯುವ ಅವಧಿಗಳ ಜೊತೆಗೆ ಕೆಲವು ಮನೆಸೇವೆಗಳು ಮಂಜೂರಾದ ಮೇಲೆ ಆರಂಭವಾಗಲು ಎಷ್ಟು ಕಾಲ ಹಿಡಿಯಿತು ಎಂಬುದನ್ನೂ ರಾಜ್ಯಗಳು ವರದಿ ಮಾಡಬೇಕೆಂದು 2024ರ ಫೆಡರಲ್ ನಿಯಮ ವಿಧಿಸಿರುವುದು ಇದಕ್ಕಾಗಿಯೇ ಮುಖ್ಯ.

ಅಮೆರಿಕದ ಈ ಅನುಭವದಲ್ಲಿ ಭಾರತಕ್ಕೂ ಪಾಠವಿದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 5ನೇ ಕಲಂ ಸಮುದಾಯದಲ್ಲಿ ಬದುಕುವ ಹಕ್ಕನ್ನೂ ವೈಯಕ್ತಿಕ ಸಹಾಯಕರ ನೆರವನ್ನೂ ಹೇಳುತ್ತದೆ. ಹೆಚ್ಚಿನ ನೆರವು ಬೇಕಾದವರು ಅರ್ಜಿ ಹಾಕುವ ಕ್ರಮ 38ನೇ ಕಲಮಿನಲ್ಲಿದೆ, ಆರೈಕೆದಾರರ ಭತ್ಯೆಯ ಮಾತು 24ರಲ್ಲಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಈ ಕಲಮುಗಳಡಿ ಸರದಿ ರೂಪುಗೊಳ್ಳುವ ಮೊದಲೇ ಆ ಕಾರ್ಯಕರ್ತರ ದಾಖಲೆಯಲ್ಲಿ ಮೂರು ಅಂಕಣಗಳಿರಬೇಕು: ನೆರವು ಕೇಳಿದ ದಿನಾಂಕ, ನೆರವು ಮನೆ ತಲುಪಿದ ದಿನಾಂಕ, ಆರೈಕೆ ಮಾಡುವವರ ವಯಸ್ಸು. ಅರವತ್ತು ದಾಟಿದ ಆರೈಕೆದಾರರಿರುವ ಮನೆಗೆ, ಅವರು ಇನ್ನೂ ಗಟ್ಟಿಯಾಗಿರುವಾಗಲೇ ನೆರವು ಆರಂಭಿಸಬೇಕು. ಹೊಸ ಕೈಗಳಿಗೆ ಮಗ ಒಗ್ಗಿಕೊಳ್ಳುವುದನ್ನು ತಾಯಿ ಪಕ್ಕದಲ್ಲಿದ್ದು ನೋಡುವಂತಾಗಲು ಅಷ್ಟು ಸಮಯ ಬೇಕೇ ಬೇಕು.