ಕಳಚುತ್ತ ಕಟ್ಟಿದ ನಗು

ಹಾಸ್ಯ ಧಾರಾವಾಹಿಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ನಟರ ಹೆಸರಿನಲ್ಲಿ ಹೇಳುತ್ತೇವೆ. ತೆರೆಯ ಮೇಲೆ ಕಂಡ ಮುಖ ನೆನಪಿನಲ್ಲಿ ಉಳಿಯುತ್ತದೆ. ಆ ಮುಖಕ್ಕೆ ಮಾತು ಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಬ್ರಿಟನ್ನಿನ ರೇ ಗಾಲ್ಟನ್ ಮತ್ತು ಆಲನ್ ಸಿಂಪ್ಸನ್ ಜೋಡಿಯ ಬದುಕನ್ನು ಮೊದಲಿನಿಂದ ನೋಡಿದರೆ ಈ ಲೆಕ್ಕ ಸರಿಯಲ್ಲ ಎನಿಸುತ್ತದೆ. ಅರ್ಧ ಗಂಟೆಯ ಸಿಟ್‌ಕಾಮ್ ಅಲ್ಲಿ ಒಂದು ನಿಜವಾದ ನಾಟಕಪ್ರಕಾರವಾಗಿ ಬೆಳೆದದ್ದು ಬರೆಯುವ ಮೇಜಿನ ಮೇಲೆ. ಹಾಸ್ಯಕ್ಕೆ ಇದಿಲ್ಲದಿದ್ದರೆ ಆಗದು ಎಂದು ಎಲ್ಲರೂ ನಂಬಿದ್ದನ್ನು ಈ ಇಬ್ಬರು ಒಂದೊಂದಾಗಿ ಕಳಚುತ್ತ ಹೋದರು. ಉಳಿದದ್ದೇ ಆ ಪ್ರಕಾರದ ತಿರುಳಾಯಿತು.

ಅವರು ಭೇಟಿಯಾದದ್ದು 1948ರಲ್ಲಿ, ಸರ್ರೆಯ ಮಿಲ್‌ಫರ್ಡ್ ಕ್ಷಯರೋಗ ಆಸ್ಪತ್ರೆಯಲ್ಲಿ. ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಕ್ಷಯಕ್ಕೆ ಮದ್ದು ಆಗಷ್ಟೇ ಬರುತ್ತಿದ್ದ ಕಾಲ. ಚಿಕಿತ್ಸೆಯೆಂದರೆ ಬಹುಪಾಲು ಹಾಸಿಗೆ ಹಿಡಿದು ಮಲಗುವುದೇ ಆಗಿತ್ತು. ಆಸ್ಪತ್ರೆಯ ಒಳಗಿನ ರೇಡಿಯೊಗೆ ಪ್ರಹಸನ ಬರೆದು ಕೈ ಪಳಗಿಸಿಕೊಂಡರು. ಹೊರಬಂದ ಮೇಲೆ ಡೆರಿಕ್ ರಾಯ್ ಎಂಬ ಹಾಸ್ಯಗಾರನಿಗೆ ಬಿಡಿ ಜೋಕುಗಳನ್ನು ಬರೆದುಕೊಟ್ಟರು. ಅಂದಿನ ರೇಡಿಯೊ ಹಾಸ್ಯವೆಂದರೆ ಜೋಕಿನ ಸರಮಾಲೆ, ನಡುನಡುವೆ ಹಾಡು, ವಾರವಾರವೂ ಪಲ್ಲವಿಯಂತೆ ಮರಳುವ ಅದೇ ಮಾತು. 1954ರ ನವೆಂಬರಿನಲ್ಲಿ ಬಿಬಿಸಿ ರೇಡಿಯೊದಲ್ಲಿ ಶುರುವಾದ 'ಹ್ಯಾನ್‌ಕಾಕ್ಸ್ ಹಾಫ್ ಅವರ್' ಇವನ್ನೆಲ್ಲ ಬಿಡಲು ಹೊರಟಿತು. ಮೂವತ್ತು ನಿಮಿಷಕ್ಕೆ ಒಂದೇ ಕಥೆ. ಟೋನಿ ಹ್ಯಾನ್‌ಕಾಕ್ ಆಡಿದ ಪಾತ್ರದ ಪೊಳ್ಳು ಜಂಬ, ಅದರ ಬೆನ್ನಿಗೇ ಬರುವ ಪೆಚ್ಚು ಮೋರೆ, ಇವುಗಳಿಂದಲೇ ನಗು ಹುಟ್ಟಬೇಕು. 1958ರ ಒಂದು ಕಂತಿನಲ್ಲಿ ಕಥೆಯನ್ನೂ ಬಿಟ್ಟರು. ಹೊತ್ತು ಹೋಗದ ಭಾನುವಾರದ ಮಧ್ಯಾಹ್ನ, ಆಕಳಿಕೆ, ನಿಟ್ಟುಸಿರು, ಮೌನ. ಕಿವಿಯೊಂದನ್ನೇ ನಂಬಿದ ಮಾಧ್ಯಮದಲ್ಲಿ ಮೌನವನ್ನು ನಗುವಾಗಿಸಿದ ಧೈರ್ಯ ಅದು.

1956ರಲ್ಲಿ ಕಾರ್ಯಕ್ರಮ ಟೆಲಿವಿಷನ್‌ಗೆ ಬಂತು. 1961ರ 'ದಿ ಬೆಡ್‌ಸಿಟರ್' ಕಂತಿನ ಹೊತ್ತಿಗೆ ಸಹಪಾತ್ರಗಳೂ ಹೋಗಿದ್ದವು: ಒಂದು ಬಾಡಿಗೆ ಕೋಣೆ, ಒಬ್ಬನೇ ಮನುಷ್ಯ. ಅದೇ ವರ್ಷ ಹ್ಯಾನ್‌ಕಾಕ್ ಈ ಬರಹಗಾರರ ಸಂಗ ಬಿಟ್ಟರು. ಆಗ ಬಿಬಿಸಿ ಇವರಿಗೆ ಬೇಕಾದ್ದನ್ನು ಬರೆಯಿರಿ ಎಂದು 'ಕಾಮಿಡಿ ಪ್ಲೇಹೌಸ್' ಎಂಬ ಬಿಡಿ ನಾಟಕಗಳ ಸರಣಿಯನ್ನು ಒಪ್ಪಿಸಿತು. ಅದರಲ್ಲಿ 1962ರ ಜನವರಿಯಲ್ಲಿ ಬಂದ 'ದಿ ಆಫರ್' ನಾಟಕದಲ್ಲಿ ಕಳಚಿದ್ದು ಹಾಸ್ಯಗಾರನನ್ನೇ. ಲಂಡನ್ನಿನ ಗುಜರಿ ವ್ಯಾಪಾರಿಗಳಾದ ಆಲ್ಬರ್ಟ್ ಮತ್ತು ಮಗ ಹೆರಾಲ್ಡ್ ಪಾತ್ರಗಳಿಗೆ ವಿಲ್ಫ್ರಿಡ್ ಬ್ರಾಂಬೆಲ್, ಹ್ಯಾರಿ ಕಾರ್ಬೆಟ್ ಎಂಬ ರಂಗಭೂಮಿ ನಟರನ್ನು ಕರೆತಂದರು. ಅಪ್ಪನಾಗಿ ನಟಿಸಿದವರು ಮಗನಿಗಿಂತ ಕೇವಲ 13 ವರ್ಷ ದೊಡ್ಡವರು. ಮನೆ ಬಿಡಲು ನಿಶ್ಚಯಿಸಿದ ಹೆರಾಲ್ಡ್ ತನ್ನ ಸಾಮಾನನ್ನು ಗಾಡಿಗೆ ಹೇರುತ್ತಾನೆ. ಕುದುರೆ ಸಿಗುವುದಿಲ್ಲ, ತಾನೇ ಎಳೆದರೆ ಗಾಡಿ ಕದಲುವುದಿಲ್ಲ. ಅವನು ಅಳುತ್ತಾನೆ. ಅಪ್ಪ ಒಳಗೆ ಕರೆದೊಯ್ಯುತ್ತಾನೆ. ಒಬ್ಬರನ್ನೊಬ್ಬರು ಸಹಿಸಲಾರದ, ಬಿಟ್ಟಿರಲೂ ಆಗದ ಇಬ್ಬರು: ಈ ನಾಟಕದಿಂದಲೇ ಬೆಳೆದ 'ಸ್ಟೆಪ್ಟೋ ಅಂಡ್ ಸನ್' ಸರಣಿ ನಡುವೆ ಬಿಡುವು ಕೊಟ್ಟು 1974ರ ತನಕ ನಡೆದದ್ದು ಇಷ್ಟೇ ಬಂಡವಾಳದ ಮೇಲೆ. ಜನ ಇದನ್ನು ಎಷ್ಟು ಹಚ್ಚಿಕೊಂಡರೆಂದರೆ, 1964ರ ಚುನಾವಣೆಯ ದಿನ ಬೆಂಬಲಿಗರು ಮತಗಟ್ಟೆಗೆ ಬಾರದೆ ಟಿವಿ ಮುಂದೆ ಕೂತಾರೆಂದು ಲೇಬರ್ ಪಕ್ಷದ ಹೆರಾಲ್ಡ್ ವಿಲ್ಸನ್ ಅಂಜಿದರು. ಬಿಬಿಸಿ ಪ್ರಸಾರದ ಹೊತ್ತನ್ನು ಮುಂದೂಡಿತು.

ಬಿಟ್ಟು ಹೋಗಲಾಗದ ಈ ಸ್ಥಿತಿಯ ಬೇರು ಕ್ಷಯದ ವಾರ್ಡಿನಲ್ಲೇ ಇದೆ ಎಂದು ಹೇಳಿಬಿಡುವುದು ಸುಲಭ. ಆದರೆ ಆಸ್ಪತ್ರೆಯಿಂದ ಬಂದವರು ಮೊದಲು ಬರೆದದ್ದು ಅಂದಿನ ಮಾರುಕಟ್ಟೆಗೆ ಬೇಕಾದ ಜೋಕುಗಳನ್ನೇ. ಅನುಭವ ಕಲೆಯಾಗಲು ಹತ್ತು ವರ್ಷಕ್ಕೂ ಹೆಚ್ಚಿನ ವಾರವಾರದ ದುಡಿಮೆ ಬೇಕಾಯಿತು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಹ್ಯಾನ್‌ಕಾಕ್‌ನ ಮುಖ, ಕಾರ್ಬೆಟ್‌ನ ಕಣ್ಣೀರು ಇಲ್ಲದೆ ಈ ಬರಹಕ್ಕೆ ಏನು ಬೆಲೆ? ನಟರ ಋಣ ದೊಡ್ಡದೇ. ಆದರೆ ಹ್ಯಾನ್‌ಕಾಕ್ ಹೋದ ಮರುವರ್ಷವೇ ಬರಹಗಾರರು ಇನ್ನೂ ಗಟ್ಟಿಯಾದದ್ದನ್ನು ಕೊಟ್ಟರು. ಅವರನ್ನು ಬಿಟ್ಟ ಹ್ಯಾನ್‌ಕಾಕ್ ಆ ಎತ್ತರವನ್ನು ಮತ್ತೆ ಮುಟ್ಟಲಿಲ್ಲ. ಗುಜರಿಯ ಅಪ್ಪ-ಮಗ ಅಮೆರಿಕಕ್ಕೂ ಹೋದರು. ಅಲ್ಲಿ 1972ರಿಂದ 1977ರವರೆಗೆ ನಡೆದ 'ಸ್ಯಾನ್‌ಫರ್ಡ್ ಅಂಡ್ ಸನ್' ಲಾಸ್ ಏಂಜಲೀಸಿನ ಕಪ್ಪು ಜನರ ಮನೆಯ ಕಥೆ. ಅದಕ್ಕೆ ಅದರದೇ ಬರಹಗಾರರು, ರೆಡ್ ಫಾಕ್ಸ್ ಎಂಬ ದೊಡ್ಡ ಹಾಸ್ಯಗಾರ ಇದ್ದರು. ದೇಶ, ಮಾತು, ಬಣ್ಣ ಎಲ್ಲ ಬದಲಾದರೂ ನಿಂತದ್ದು ಆ ಅಪ್ಪ-ಮಗನ ಸಂಬಂಧ. ಅದು ಕಾಗದದ ಮೇಲೆ ಹುಟ್ಟಿದ್ದು.

ಇದಕ್ಕೂ ಬಲವಾದ ಸಾಕ್ಷಿ ತಡವಾಗಿ ಬಂತು. ಅಂದಿನ ಹಾಸ್ಯ ಕಾರ್ಯಕ್ರಮಗಳನ್ನು ಕಾಪಿಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಹ್ಯಾನ್‌ಕಾಕ್ ರೇಡಿಯೊ ಕಂತುಗಳಲ್ಲಿ ಹಲವು ಅಳಿದುಹೋದವು. ಉಳಿದ ಹಸ್ತಪ್ರತಿಗಳನ್ನು ಹಿಡಿದು ಬಿಬಿಸಿ 2014ರಲ್ಲಿ ಅವುಗಳಲ್ಲಿ ಕೆಲವನ್ನು ಹೊಸ ನಟರಿಂದ ಮತ್ತೆ ಆಡಿಸಿತು. ಹ್ಯಾನ್‌ಕಾಕ್ 1968ರಲ್ಲೇ ತೀರಿಕೊಂಡಿದ್ದರು, ಧ್ವನಿಮುದ್ರಿಕೆ ಇರಲಿಲ್ಲ. ಪ್ರೇಕ್ಷಕರು ಮತ್ತೆ ನಕ್ಕರು. ಕಳಚಬಹುದಾದುದೆಲ್ಲ ಕಳಚಿಹೋಗಿ ಬರೆದ ಹಾಳೆ ಮಾತ್ರ ಉಳಿದಾಗಲೂ ನಗು ಬಂತು. ಗಾಲ್ಟನ್ ಮತ್ತು ಸಿಂಪ್ಸನ್ ಇಬ್ಬರೂ ಅದನ್ನು ಕೇಳಲು ಆಗ ಬದುಕಿದ್ದರು.