ಕಾಂಟ್ಯಾಕ್ಟರ್: ದೂರ ನಿಂತ ಕೈಯ ಚರಿತ್ರೆ

ನಾಸಿಕದ ಸಾತ್ಪುರ, ಅಂಬಡ್ ಆಸುಪಾಸಿನ ವಸತಿ ಸಂಕೀರ್ಣಗಳಲ್ಲಿ, ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆಯ ಬಡಾವಣೆಗಳಲ್ಲಿ ಮುಸ್ಸಂಜೆಯ ಹೊತ್ತು ಮೀಟರ್ ಕೋಣೆಯ ಬಳಿ ನಿಂತವರಿಗೆ ‘ಟಕ್’ ಎಂಬ ಸಣ್ಣ ಸದ್ದೊಂದು ಕೇಳಿಸುವುದುಂಟು. ಮರುಕ್ಷಣ ಮೆಟ್ಟಿಲು, ಅಂಗಳ, ಗೇಟುಗಳ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಯಾರೂ ಸ್ವಿಚ್ಚು ಒತ್ತಿರುವುದಿಲ್ಲ. ಸದ್ದು ಮಾಡಿದ್ದು ಎರಡು ಬೆರಳಗಲದ ಒಂದು ಡಬ್ಬಿ: ಮಾಡ್ಯುಲರ್ ಕಾಂಟ್ಯಾಕ್ಟರ್. ಕಾರ್ಖಾನೆಗಳ ಕೆಲಸಕ್ಕೆಂದು ಕರ್ನಾಟಕದಿಂದ ಈ ಊರುಗಳಿಗೆ ಬಂದು ನೆಲೆಸಿದ ನಮ್ಮವರಲ್ಲಿ ಅನೇಕರಿಗೆ ಇದು ದಿನನಿತ್ಯದ ವಸ್ತು. ಉಳಿದವರಿಗೆ ಹೆಸರೂ ಅಪರಿಚಿತ. ಆದರೆ ಇದರ ಹಿಂದೆ ನೂರು ವರ್ಷಕ್ಕೂ ಮಿಕ್ಕ ಒಂದು ಚರಿತ್ರೆಯಿದೆ. ಆ ಚರಿತ್ರೆಯ ತಿರುಳು ಮನುಷ್ಯನ ಕೈ.

ಮೊದಲು ಅದರ ಕೆಲಸ ತಿಳಿಯೋಣ. ಡಬ್ಬಿಯೊಳಗೆ ತಾಮ್ರದ ತಂತಿಯ ಒಂದು ಸುರುಳಿ. ಅದರಲ್ಲಿ ಕೆಲವೇ ವ್ಯಾಟ್‌ನಷ್ಟು ವಿದ್ಯುತ್ ಹರಿದರೆ ಒಳಗಿನ ಕಬ್ಬಿಣ ಅಯಸ್ಕಾಂತವಾಗಿ ಎದುರಿನ ಕಬ್ಬಿಣದ ತುಂಡನ್ನು ಸೆಳೆಯುತ್ತದೆ. ಅದಕ್ಕೆ ಅಂಟಿದ ಲೋಹದ ತುದಿಗಳು ಒಂದನ್ನೊಂದು ಮುಟ್ಟಿ 25 ಆಂಪಿಯರ್, 40 ಆಂಪಿಯರ್‌ನ ದೊಡ್ಡ ಪ್ರವಾಹಕ್ಕೆ ದಾರಿ ಕೊಡುತ್ತವೆ. ಸುರುಳಿಯ ವಿದ್ಯುತ್ ನಿಂತರೆ ಸ್ಪ್ರಿಂಗು ಅವನ್ನು ಬೇರ್ಪಡಿಸುತ್ತದೆ. ಸಣ್ಣ ಪ್ರವಾಹ ಆಜ್ಞೆ ಕೊಡುತ್ತದೆ, ದೊಡ್ಡ ಪ್ರವಾಹ ಪಾಲಿಸುತ್ತದೆ.

ಈ ಏರ್ಪಾಡು ಏಕೆ ಬೇಕಾಯಿತು? ಆರಂಭಕಾಲದ ಕಾರ್ಖಾನೆಗಳಲ್ಲಿ ವಿದ್ಯುತ್ತನ್ನು ಹಾಕಿ ತೆಗೆಯಲು ಕತ್ತಿಯಂಥ ತೆರೆದ ತಾಮ್ರದ ಸ್ವಿಚ್ಚುಗಳಿದ್ದವು. ಭಾರೀ ಪ್ರವಾಹವನ್ನು ತುಂಡರಿಸುವಾಗ ಎರಡು ತುದಿಗಳ ನಡುವಿನ ಗಾಳಿಯೇ ಉರಿಯುತ್ತದೆ. ಆ ಉರಿಯ ಮುಂದೆ ಇರುತ್ತಿದ್ದುದು ಕೆಲಸಗಾರನ ಮುಖ ಮತ್ತು ಮುಂಗೈ. ಸಣ್ಣ ಪ್ರವಾಹದಿಂದ ಇನ್ನೊಂದು ಮಂಡಲವನ್ನು ಆಳಬಹುದೆಂಬುದನ್ನು ಅಮೆರಿಕದ ಜೋಸೆಫ್ ಹೆನ್ರಿ 1835ರ ವೇಳೆಗೇ ಕಂಡುಕೊಂಡಿದ್ದ. ಅದರ ಮೊದಲ ಫಲ ದಕ್ಕಿದ್ದು ತಂತಿ ಟಪಾಲಿಗೆ. ದೊಡ್ಡ ಯಂತ್ರಗಳಿಗೆ ಆ ತತ್ತ್ವ ಇಳಿದು ಬಂದದ್ದು ಅರವತ್ತು ವರ್ಷಗಳ ನಂತರ, ಅದೂ ರೈಲಿನ ಮೂಲಕ.

ಫ್ರ್ಯಾಂಕ್ ಸ್ಪ್ರೇಗ್ ಎಂಬ ಇಂಜಿನಿಯರ್ 1897ರಲ್ಲಿ ಷಿಕಾಗೋ ನಗರದ ಮೇಲ್ಸೇತುವೆ ರೈಲಿಗಾಗಿ ಒಂದು ಹೊಸ ಪದ್ಧತಿ ರೂಪಿಸಿದ. ಪ್ರತಿ ಬೋಗಿಗೂ ಅದರದೇ ಮೋಟಾರು, ಅದರದೇ ನಿಯಂತ್ರಕ. ಅವನ್ನೆಲ್ಲ ಒಂದೇ ಕಡೆಯಿಂದ ನಡೆಸಲು ರೈಲಿನುದ್ದಕ್ಕೂ ತೆಳುವಾದ ನಿಯಂತ್ರಣ ತಂತಿಗಳು. ಆ ಜುಲೈ ತಿಂಗಳ ಪರೀಕ್ಷೆಯಲ್ಲಿ ಆರು ಬೋಗಿಗಳ ರೈಲನ್ನು ನಡೆಸಿದವನು ಅವನ ಹತ್ತು ವರ್ಷದ ಮಗ. ಅದುವರೆಗೆ ಪಳಗಿದ ಕೈಗೆ ಮಾತ್ರ ಬಗ್ಗುತ್ತಿದ್ದ ಶಕ್ತಿ ಅಂದು ಮಗುವಿನ ಕೈಗೆ ಬಗ್ಗಿತು. ಈ ಬಗೆಯ ನಿಯಂತ್ರಣದಲ್ಲಿ ಮುಂದೆ ಕಾಂಟ್ಯಾಕ್ಟರು ಮುಖ್ಯ ಅಂಗವಾಯಿತು.

ಅದೇ ಪದ್ಧತಿಯ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿತು. ವಿದ್ಯುತ್ ಮಾರ್ಗ 1930ರಲ್ಲಿ ಥಳ್ ಘಾಟ್ ಹತ್ತಿ ನಾಸಿಕ ಜಿಲ್ಲೆಯ ಇಗತ್‌ಪುರಿ ತಲುಪಿತು. ಮೂವತ್ತೇಳು ಅಡಿಗೆ ಒಂದಡಿ ಏರುವ ಆ ಕಡಿದಾದ ದಾರಿಯಲ್ಲಿ ಸರಕು ರೈಲುಗಳನ್ನು ಎಳೆಯಲು ಸ್ವಿಟ್ಜರ್ಲೆಂಡ್ ವಿನ್ಯಾಸದ ಉದ್ದ ಮೂತಿಯ ಎಂಜಿನ್ನುಗಳು ಬಂದವು. ನಮ್ಮ ರೈಲ್ವೆ ಕೆಲಸಗಾರರು ಅವಕ್ಕೆ ಮರಾಠಿಯಲ್ಲಿ ‘ಖೇಕಡಾ’, ಎಂದರೆ ಏಡಿ, ಎಂದು ಹೆಸರಿಟ್ಟರು. ತಲೆಯ ಮೇಲಿನ ತಂತಿಯಲ್ಲಿ 1500 ವೋಲ್ಟ್ ಏಕಮುಖ ವಿದ್ಯುತ್. ಚಾಲಕನ ಹಿಡಿಕೆಯಲ್ಲಿ ಅದರ ಲವಲೇಶವೂ ಇಲ್ಲ, ಬರಿಯ ನಿಯಂತ್ರಣ ಪ್ರವಾಹ. ಉರಿ ಮತ್ತು ಸಿಡಿತಗಳೆಲ್ಲ ಹಿಂದಿನ ಮುಚ್ಚಿದ ಪೆಟ್ಟಿಗೆಯೊಳಗೆ. ಏಕಮುಖ ಪ್ರವಾಹ ತಾನಾಗಿ ಎಂದೂ ಸೊನ್ನೆಗೆ ಇಳಿಯದ ಕಾರಣ ಅದರ ಉರಿಯನ್ನು ಆರಿಸುವುದು ಕಷ್ಟ. ಮನೆಗೆ ಬರುವ ಪರ್ಯಾಯ ಪ್ರವಾಹವಾದರೋ ಸೆಕೆಂಡಿಗೆ ನೂರು ಬಾರಿ ಸೊನ್ನೆಯನ್ನು ಹಾಯುತ್ತದೆ. ಮನೆಯ ಕಾಂಟ್ಯಾಕ್ಟರು ಪುಟ್ಟದಾಗಿರಲು ಇದೂ ಒಂದು ಕಾರಣ.

ಪುಟ್ಟದಾಗುವ ಕಥೆ ಶುರುವಾದದ್ದು ಯುರೋಪಿನಲ್ಲಿ, 1924ರಲ್ಲಿ. ಆ ವರ್ಷ ಫ್ರಾನ್ಸಿನಲ್ಲಿ ಟೆಲಿಮೆಕಾನಿಕ್ ಎಂಬ ಕಂಪನಿ ಹುಟ್ಟಿತು. ಕಾಂಟ್ಯಾಕ್ಟರಿನ ಬಿಡಿಭಾಗಗಳನ್ನು ಒಂದು ಲೋಹದ ಸರಳಿನ ಮೇಲೆ ಬೇಕಾದಷ್ಟು ಸಾಲಾಗಿ ಜೋಡಿಸುವ ವಿಧಾನ ಅದರ ಬಂಡವಾಳ. ಅದೇ ವರ್ಷ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಹ್ಯೂಗೊ ಸ್ಟೋಟ್ಸ್‌ನ ಕಂಪನಿ ಇಂದಿನ ಎಂ.ಸಿ.ಬಿ.ಯ ಪೂರ್ವಜಕ್ಕೆ ಪೇಟೆಂಟ್ ಕೋರಿತು. ಮುಂದೆ 35 ಮಿಲಿಮೀಟರ್ ಅಗಲದ ಪಟ್ಟಿ, ಸುಮಾರು 18 ಮಿಲಿಮೀಟರ್‌ನ ಒಂದು ಅಂಕಣ ಎಂಬ ಅಳತೆಗಳು ನೆಲೆಗೊಂಡವು; ಕಾರ್ಖಾನೆಯ ಕಾಂಟ್ಯಾಕ್ಟರು ಎಂ.ಸಿ.ಬಿ.ಯ ಪಕ್ಕದಲ್ಲೇ ಮನೆಯ ಪೆಟ್ಟಿಗೆ ಸೇರಿತು. ಮೊದಲನೆಯ ಪರಂಪರೆ 1988ರಲ್ಲಿ ಶ್ನೈಡರ್ ಪಾಲಾಯಿತು. ಎರಡನೆಯದರ ವಾರಸುದಾರ ಎ.ಬಿ.ಬಿ. ಈ ಎರಡು ಕಂಪನಿಗಳ ಕಾರ್ಖಾನೆಗಳೂ ಇಂದು ನಾಸಿಕದಲ್ಲಿವೆ.

ಇನ್ನು ಈ ಚರಿತ್ರೆಯ ಗಂಭೀರ ಭಾಗ. ಕಾಂಟ್ಯಾಕ್ಟರಿಗೆ ಒಂದು ಗುಣವಿದೆ: ವಿದ್ಯುತ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ. ಮತ್ತೆ ಬಂದಾಗ ಏನಾಗಬೇಕೆಂಬುದು ಆಜ್ಞೆ ಕೊಡುವ ರೀತಿಯನ್ನು ಅವಲಂಬಿಸಿದೆ. ಟೈಮರಿನ ಆಜ್ಞೆ ನಿಂತೇ ಇರುವಂಥದ್ದು. ಆದ್ದರಿಂದ ಮೆಟ್ಟಿಲ ದೀಪ ತಾನಾಗಿ ಮತ್ತೆ ಹೊತ್ತುತ್ತದೆ. ಒತ್ತಿ ಬಿಡುವ ಹಸಿರು ಗುಂಡಿಯ ಆಜ್ಞೆ ಕ್ಷಣಿಕ. ವಿದ್ಯುತ್ ಹೋದೊಡನೆ ಕಾಂಟ್ಯಾಕ್ಟರು ಅದನ್ನು ಮರೆಯುತ್ತದೆ. ಲೇತ್ ಯಂತ್ರ ಕರೆಂಟಿಲ್ಲದೆ ನಿಂತಾಗ ಕೆಲಸಗಾರ ಅದರೊಳಗೆ ಕೈಹಾಕಿದ್ದಾನೆ ಎಂದುಕೊಳ್ಳಿ. ಕರೆಂಟು ಬಂದೊಡನೆ ಯಂತ್ರ ತಾನೇ ತಿರುಗಿದರೆ ಗತಿಯೇನು? ಸಾತ್ಪುರ, ವಾಳೂಜ್‌ಗಳ ಕಾರ್ಖಾನೆಗಳಲ್ಲಿ ಎಷ್ಟು ಬೆರಳುಗಳನ್ನು ಈ ಮರೆವು ಉಳಿಸಿದೆಯೋ, ಲೆಕ್ಕವಿಟ್ಟವರಿಲ್ಲ.

ಅದೇ ಮರೆವು ಹೊಲದಲ್ಲಿ ಬೇರೆ ರೂಪ ತಾಳುತ್ತದೆ. ನಾಸಿಕದ ದ್ರಾಕ್ಷಿ, ಈರುಳ್ಳಿ ಬೆಳೆಗಾರರಾಗಲಿ, ನಮ್ಮ ವಿಜಯಪುರ, ಬೆಳಗಾವಿಯ ರೈತರಾಗಲಿ, ರಾತ್ರಿಪಾಳಿಯ ತ್ರೀಫೇಸ್ ಕರೆಂಟನ್ನು ಬಲ್ಲವರೇ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಲ್ಲಿರುವುದೂ ಕಾಂಟ್ಯಾಕ್ಟರೇ. ಕರೆಂಟು ಹೋದಾಗಲೆಲ್ಲ ಅದು ಬೀಳುತ್ತದೆ. ಬಂದಾಗಲೆಲ್ಲ ಯಾರಾದರೂ ಕತ್ತಲಲ್ಲಿ, ಹಾವು ಹರಿದಾಡುವ ಬದುವಿನ ಮೇಲೆ ನಡೆದು ಹೋಗಿ ಹಸಿರು ಗುಂಡಿ ಒತ್ತಬೇಕು. ಆದ್ದರಿಂದಲೇ ರೈತರು ‘ಆಟೊ ಸ್ವಿಚ್’ ಜೋಡಿಸಿ ಆ ಮರೆವನ್ನು ಮೀರುತ್ತಾರೆ. ಆಗ ಬಾವಿಯಲ್ಲಿ ಪೈಪು ಸರಿಮಾಡುತ್ತಿರುವವನಿಗೆ ಪಂಪು ಎಚ್ಚರಿಕೆಯಿಲ್ಲದೆ ತಿರುಗುವ ಅಪಾಯ. ಕಾರ್ಖಾನೆಯ ಕೈಯನ್ನು ಕಾಪಾಡಲು ಹುಟ್ಟಿದ ಗುಣ ರೈತನ ಕಾಲಿಗೆ ಶಿಕ್ಷೆಯಾಯಿತು. ತಪ್ಪು ಡಬ್ಬಿಯದಲ್ಲ, ರಾತ್ರಿಯಲ್ಲಿ ನೀರು ಹಾಯಿಸಬೇಕಾದ ಏರ್ಪಾಡಿನದು. ಹೊಲಕ್ಕೆ ಹಗಲು ವಿದ್ಯುತ್ ಕೊಡುವ ಸೌರ ಯೋಜನೆಗಳ ಬೆಲೆಯನ್ನು ಯೂನಿಟ್ಟುಗಳಲ್ಲಿ ಮಾತ್ರ ಎಣಿಸಬಾರದು ಎನ್ನುವುದು ಇದಕ್ಕೇ.

ಹಗಲಿನ ವಿದ್ಯುತ್ತು ಈಗ ಮನೆಗೂ ಅಗ್ಗವಾಗುತ್ತಿದೆ. ಫ್ರಾನ್ಸಿನಲ್ಲಿ 1960ರ ದಶಕದಿಂದ ರಾತ್ರಿಯ ಅಗ್ಗದ ವಿದ್ಯುತ್ತಿನಲ್ಲಿ ಸ್ನಾನದ ನೀರು ಕಾಯಿಸುವ ರೂಢಿ ಬೆಳೆಯಿತು. ವಿದ್ಯುತ್ ಸಂಸ್ಥೆ ತಂತಿಯಲ್ಲೇ ಕಳುಹಿಸುವ ಸಂಕೇತ ಆ ಕೆಲಸವನ್ನು ಶುರುಮಾಡುತ್ತಿತ್ತು. ಮಾಡ್ಯುಲರ್ ಕಾಂಟ್ಯಾಕ್ಟರಿಗೆ ಮನೆಮನೆಯಲ್ಲಿ ಜಾಗ ಸಿಕ್ಕಿದ್ದು ಹೀಗೆ. ಭಾರತದಲ್ಲಿ ಗಡಿಯಾರ ತಿರುಗಿಕೊಂಡಿದೆ. 2023ರಲ್ಲಿ ತಿದ್ದುಪಡಿಯಾದ ಕೇಂದ್ರ ನಿಯಮಗಳು ಬಿಸಿಲಿರುವ ವೇಳೆಯ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡಾ 20ರಷ್ಟು ಕಡಿಮೆಯಿರಬೇಕೆನ್ನುತ್ತವೆ. ಮಧ್ಯಾಹ್ನ ಗೀಸರಿಗೆ, ನೀರೆತ್ತುವ ಮೋಟಾರಿಗೆ ಆಜ್ಞೆ ಕೊಡುವ ಟೈಮರು, ಪಾಲಿಸುವ ಕಾಂಟ್ಯಾಕ್ಟರು ನಮ್ಮ ಗೋಡೆಗಳಲ್ಲೂ ಹೆಚ್ಚಲಿವೆ. ಹಾಕಿಸುವವರು ಒಂದನ್ನು ನೆನಪಿಡಬೇಕು: ಕಾಂಟ್ಯಾಕ್ಟರು ಕಾವಲುಗಾರನಲ್ಲ, ಸೇವಕ. ಶಾರ್ಟ್ ಸರ್ಕ್ಯೂಟನ್ನು ತಡೆಯುವುದು ಎಂ.ಸಿ.ಬಿ.ಯ ಕೆಲಸ, ಎರಡೂ ಇರಬೇಕು, ಜೋಡಿಸುವವನು ಅರಿತ ವೈರ್‌ಮನ್ ಆಗಿರಬೇಕು.

ನಾಳೆ ಸಂಜೆ ಮೀಟರ್ ಕೋಣೆಯ ಬಳಿ ‘ಟಕ್’ ಎಂದಾಗ ಒಂದು ಕ್ಷಣ ನಿಲ್ಲಿ. ಬೆಂಕಿಯ ಮುಂದಿನಿಂದ ದೂರ ಸರಿದ ಸಾವಿರಾರು ಕೈಗಳೂ, ಕತ್ತಲ ಬದುವಿನಲ್ಲಿ ಇನ್ನೂ ನಡೆಯುತ್ತಿರುವ ಕಾಲುಗಳೂ ಆ ಸದ್ದಿನಲ್ಲಿವೆ.